ತಿದ್ದುಪಡಿಯ ಪತ್ರವೂ ಅದರ ಮರ್ಯಾದೆಯೂ

ನಮ್ಮ ಹಿರಿಯರು ಬರೆಯುತ್ತಿದ್ದ ಕಾಗದಗಳನ್ನು ಇಂದಿನ ತರುಣರು ಕಂಡರೆ ನಗುವುದುಂಟು. ನೆತ್ತಿಯ ಮೇಲೆ ‘ಶ್ರೀ’, ಒಂದು ಮೂಲೆಯಲ್ಲಿ ಊರು ಮತ್ತು ತಾರೀಖು, ಬಳಿಕ ‘ತೀರ್ಥರೂಪರವರಿಗೆ’ ಎಂದೋ ‘ಚಿರಂಜೀವಿಗೆ’ ಎಂದೋ ಒಂದು ಸಂಬೋಧನೆ, ಅದರ ಕೆಳಗೆ ‘ಉಭಯಕುಶಲೋಪರಿ’. ಇಷ್ಟೆಲ್ಲ ಆದ ಮೇಲಲ್ಲವೆ ವಿಷಯ! ಆದರೆ ಸ್ವಲ್ಪ ಯೋಚಿಸಿ ನೋಡಿದರೆ ಇದರಲ್ಲಿ ಯಾವುದೂ ವ್ಯರ್ಥವಾದುದಲ್ಲ. ಬರೆದವರು ಯಾರು, ಎಲ್ಲಿಂದ ಬರೆದರು, ಎಂದು ಬರೆದರು, ಓದುವವರಿಗೂ ಅವರಿಗೂ ಸಂಬಂಧವೇನು ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಕುಶಲವೆಂಬ ಮಾತು ಮೊದಲಿಗೇ ಬಂದುದರಿಂದ, ಕೆಟ್ಟ ಸುದ್ದಿಯೇನೂ ಇಲ್ಲವೆಂದು ಓದುವವರ ಎದೆ ಹಗುರಾಗುತ್ತಿತ್ತು. ಶಿಷ್ಟಾಚಾರವೆಂದು ನಾವು ಕರೆಯುವುದು ಬಹುಮಟ್ಟಿಗೆ, ಎದುರಿಗಿಲ್ಲದ ಮನುಷ್ಯನ ಕಷ್ಟವನ್ನು ಮುಂದಾಗಿಯೇ ಊಹಿಸಿ ಮಾಡಿದ ಏರ್ಪಾಡು.

ಇಂದು ಒಂದು ವಿಶಿಷ್ಟ ಕಸುಬಿನವರು, ಎಂದರೆ ಕಂಪ್ಯೂಟರಿಗೆ ತಂತ್ರಾಂಶವನ್ನು ಬರೆಯುವವರು, ಒಬ್ಬರ ಮುಖವನ್ನೊಬ್ಬರು ಕಾಣದೆಯೇ ದಿನಂಪ್ರತಿ ನೂರಾರು ಪತ್ರಗಳನ್ನು ಬರೆದುಕೊಳ್ಳುತ್ತಿದ್ದಾರೆ. ಇವು ಇ-ಮೇಲಿನ ಪತ್ರಗಳು. ಒಳಗಿರುವುದು ಕುಶಲಪ್ರಶ್ನೆಯಲ್ಲ, ‘ಪ್ರೋಗ್ರಾಮಿನ ಇಂತಹ ಸಾಲಿನಲ್ಲಿ ಇಂತಹ ತಪ್ಪಿದೆ, ಅದನ್ನು ಹೀಗೆ ತಿದ್ದಬಹುದು’ ಎಂಬ ಸೂಚನೆ. ಈ ಪತ್ರಕ್ಕೂ ಒಂದು ಶಿಷ್ಟಾಚಾರವುಂಟು, ಅದು ನಮ್ಮ ಹಿರಿಯರ ಕಾಗದದ ಕಟ್ಟಳೆಗಿಂತಲೂ ಬಿಗಿಯಾದುದು. ಮೊದಲ ಸಲ ಅದನ್ನು ಕಂಡ ವಿದ್ಯಾರ್ಥಿಗಳು ‘ಇದೇನು ಮಡಿವಂತಿಕೆ!’ ಎಂದು ಮೂಗು ಮುರಿಯುವುದನ್ನು ನೋಡಿದ್ದೇನೆ. ಅವರ ಅಭಿಪ್ರಾಯ ತಪ್ಪೆಂದೂ, ಈ ಶಿಷ್ಟಾಚಾರವು ವಿಜ್ಞಾನದ ವಿದ್ಯಾರ್ಥಿ ಕಲಿಯಲೇಬೇಕಾದ ವಿದ್ಯೆಯ ಒಂದು ಭಾಗವೆಂದೂ, ನಮ್ಮ ಕಾಲೇಜುಗಳು ಇದನ್ನು ಕಲಿಸದಿರುವುದರಿಂದ ನಮ್ಮ ಹುಡುಗರಿಗೆ ಈಗಾಗಲೇ ಕೆಟ್ಟ ಹೆಸರು ಬರುತ್ತಿದೆಯೆಂದೂ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಪತ್ರದೊಳಗಿನ ವಸ್ತುವನ್ನು ನೋಡೋಣ. ಒಂದು ದೊಡ್ಡ ಪ್ರೋಗ್ರಾಮಿನಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಒಂದೇ ಸಾಲನ್ನು ತಿದ್ದಿದವನು ಇಡೀ ಪ್ರೋಗ್ರಾಮನ್ನು ಮತ್ತೊಬ್ಬನಿಗೆ ಕಳುಹಿಸಿದರೆ, ಬದಲಾದುದು ಯಾವುದೆಂದು ಹುಡುಕುವುದರಲ್ಲಿಯೇ ಆ ಮತ್ತೊಬ್ಬನ ದಿನ ಕಳೆದುಹೋದೀತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್ರಾಯ್ ಎಂಬವರು ‘ಡಿಫ್’ ಎಂಬ ಪ್ರೋಗ್ರಾಮನ್ನು ಬರೆದರು. ಎರಡು ಪ್ರತಿಗಳನ್ನು ಹೋಲಿಸಿ, ವ್ಯತ್ಯಾಸವನ್ನು ಮಾತ್ರ ಎತ್ತಿ ತೋರಿಸುವುದು ಅದರ ಕೆಲಸ. 1985ರಲ್ಲಿ ಲ್ಯಾರಿ ವಾಲ್ ಎಂಬವರು ಅದಕ್ಕೆ ಜೋಡಿಯಾಗಿ ‘ಪ್ಯಾಚ್’ ಎಂಬ ಇನ್ನೊಂದು ಪ್ರೋಗ್ರಾಮನ್ನು ರಚಿಸಿದರು. ವ್ಯತ್ಯಾಸದ ತುಣುಕನ್ನು ಕೊಟ್ಟರೆ, ಹಳೆಯ ಪ್ರತಿಯಲ್ಲಿ ಅದು ಸೇರಬೇಕಾದ ಜಾಗವನ್ನು ತಾನೇ ಹುಡುಕಿ ಅಲ್ಲಿ ಕೂರಿಸುತ್ತದೆ. ಆ ತುಣುಕಿನ ರೂಪ ಸುಮಾರಾಗಿ ಹೀಗಿರುತ್ತದೆ:

  ಎತ್ತರ = 20
− ಗುರುತ್ವ = 98
+ ಗುರುತ್ವ = 9.8
  ಕಾಲ = ವರ್ಗಮೂಲ (2 × ಎತ್ತರ ÷ ಗುರುತ್ವ)

ಋಣಚಿಹ್ನೆಯ ಸಾಲನ್ನು ತೆಗೆದುಹಾಕಬೇಕು, ಧನಚಿಹ್ನೆಯ ಸಾಲನ್ನು ಸೇರಿಸಬೇಕು. ಚಿಹ್ನೆಯಿಲ್ಲದ ಸಾಲುಗಳು ಜಾಗದ ಗುರುತಿಗಾಗಿ ಮಾತ್ರ ಇರತಕ್ಕವು. ದಶಾಂಶಬಿಂದುವೊಂದು ಬಿಟ್ಟುಹೋಗಿತ್ತೆಂಬುದು ಪ್ರೌಢಶಾಲೆಯ ಹುಡುಗನಿಗೂ ಕ್ಷಣದಲ್ಲಿ ಗೊತ್ತಾಗುತ್ತದೆ. ಇಂತಹ ತುಣುಕಿಗೂ ಇಂಗ್ಲಿಷಿನವರು ಪ್ಯಾಚ್ ಎಂದೇ ಹೇಳುತ್ತಾರೆ. ನಾವು ‘ತೇಪೆ’ ಎನ್ನೋಣ. ತೇಪೆ ಹಚ್ಚುವುದೆಂದರೆ ಹುಳುಕು ಮುಚ್ಚುವುದೆಂಬ ಹಗುರವಾದ ಅರ್ಥವೂ ನಮ್ಮಲ್ಲಿ ಬಂದುಬಿಟ್ಟಿದೆ. ಕೌದಿ ಹೊಲಿಯುವ ಅಜ್ಜಿಯರು ಆ ಮಾತನ್ನು ಒಪ್ಪಲಾರರು.

ತೇಪೆಗಳ ಈ ವ್ಯವಹಾರ ಬಹು ವಿಸ್ತಾರವಾಗಿ ನಡೆಯುವುದು ಲಿನಕ್ಸ್ ಎಂಬ ತಂತ್ರಾಂಶದ ವಿಷಯದಲ್ಲಿ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟಾರ್ವಾಲ್ಡ್ಸ್ ಅವರು ತಾವೊಂದು ಆಪರೇಟಿಂಗ್ ಸಿಸ್ಟಮನ್ನು ಹವ್ಯಾಸಕ್ಕಾಗಿ ಬರೆಯುತ್ತಿರುವುದಾಗಿ ಪ್ರಕಟಿಸಿದರು. ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವ ತಿರುಳು ಅದು. ಇಂದು ಆಂಡ್ರಾಯ್ಡ್ ಫೋನನ್ನು ಹಿಡಿದ ಪ್ರತಿಯೊಬ್ಬನ ಅಂಗೈಯಲ್ಲಿಯೂ ಈ ತಿರುಳಿದೆ. 2017ರ ನವೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ, ಜಗತ್ತಿನ ಅತ್ಯಂತ ವೇಗದ 500 ಮಹಾಗಣಕಗಳಲ್ಲಿ ಐನೂರೂ ಲಿನಕ್ಸಿನಿಂದಲೇ ನಡೆಯುತ್ತಿದ್ದುವು. ಇಷ್ಟು ದೊಡ್ಡ ಕೆಲಸಕ್ಕೆ ಒಂದು ಕಟ್ಟಡವಿಲ್ಲ, ಹಾಜರಿ ಪುಸ್ತಕವಿಲ್ಲ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬೀಳುತ್ತದೆ. ಒಂದೊಂದರಲ್ಲಿಯೂ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ತಿದ್ದುಪಡಿಗಳು. ಬೆಂಗಳೂರಿನಲ್ಲಿ ಕುಳಿತು ಕೆಲಸಮಾಡುವ ಅನೇಕರೂ ಇವುಗಳಿಗೆ ತಮ್ಮ ಪಾಲನ್ನು ಸಲ್ಲಿಸುತ್ತಾರೆ. ತೇಪೆಗಳ ಬಹುಪಾಲು ಇ-ಮೇಲಿನ ಮೂಲಕ, ಎಲ್ಲರೂ ಓದಬಹುದಾದ ಬಹಿರಂಗ ಪತ್ರಗಳಾಗಿ ಬರುತ್ತವೆ. ತಿರುಳಿನ ಒಂದೊಂದು ಭಾಗಕ್ಕೂ ಒಬ್ಬರೋ ಇಬ್ಬರೋ ಮೇಲ್ವಿಚಾರಕರು ಇದ್ದು, ಅವರು ಓದಿ ಒಪ್ಪಿದುದು ಮೇಲಕ್ಕೆ ಹೋಗುತ್ತದೆ. ಬರೆಯುವವರು ಸಾವಿರಾರು ಮಂದಿ, ಓದಿ ಪರೀಕ್ಷಿಸುವವರು ಕೆಲವರು. ಇಲ್ಲಿ ಅತ್ಯಂತ ವಿರಳವಾದ ಪದಾರ್ಥವೆಂದರೆ ಓದುವವನ ಗಮನ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಶಿಷ್ಟಾಚಾರದ ಕಟ್ಟಳೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ನನಗೆ ಅವು ತಾವಾಗಿ ಅರ್ಥವಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ, ಪಾಠಕ್ಕಾಗಿ ನಾನು ಬಳಸುತ್ತಿದ್ದ ಒಂದು ಉಚಿತ ಪ್ರೋಗ್ರಾಮಿನಲ್ಲಿ ಒಂದು ದೋಷ ಕಣ್ಣಿಗೆ ಬಿತ್ತು. ಅದು ನಕ್ಷೆಗಳನ್ನು ಬರೆಯುವ ಪ್ರೋಗ್ರಾಮು. ಅಕ್ಷವು ಋಣಸಂಖ್ಯೆಯಿಂದ ಆರಂಭವಾದರೆ ಎಡತುದಿಯ ಗುರುತೊಂದು ಕಾಣೆಯಾಗುತ್ತಿತ್ತು. ಒಂದು ರಾತ್ರಿ ಕುಳಿತು ಕಾರಣವನ್ನು ಹುಡುಕಿ, ತಿದ್ದಿ, ತೇಪೆಯನ್ನು ಇ-ಮೇಲಿನಲ್ಲಿ ಅಂಟಿಸಿ ಕಳುಹಿಸಿದೆ. ಮಾರನೆಯ ದಿನ ಎರಡು ಸಾಲಿನ ಉತ್ತರ ಬಂತು: ತೇಪೆ ಕೂರುತ್ತಿಲ್ಲ, ಟ್ಯಾಬುಗಳೆಲ್ಲ ಖಾಲಿ ಜಾಗಗಳಾಗಿವೆ, ಸೂಚನೆಗಳನ್ನು ಓದಿ ಮತ್ತೆ ಕಳುಹಿಸಿ. ಧನ್ಯವಾದ ಹೇಳುವರೆಂದು ಕಾದಿದ್ದ ಉಪನ್ಯಾಸಕನಿಗೆ ಇದು ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಒಂದು ವಾರ ಆ ಕಡೆಗೆ ತಲೆಹಾಕಲೇ ಇಲ್ಲ.

ಕೋಪ ಇಳಿದ ಮೇಲೆ ಸೂಚನೆಗಳನ್ನು ಓದಿದೆ. ಸಾಲಿನ ಆರಂಭದಲ್ಲಿ ಜಾಗ ಬಿಡಲು ಟ್ಯಾಬ್ ಎಂಬ ಒಂದು ಚಿಹ್ನೆಯುಂಟು. ಕಣ್ಣಿಗೆ ಅದೂ ಖಾಲಿ, ಎಂಟು ಖಾಲಿ ಜಾಗಗಳೂ ಖಾಲಿ. ಆದರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ನಾವು ದಿನವೂ ಬಳಸುವ ಕೆಲವು ಇ-ಮೇಲು ಸೌಕರ್ಯಗಳು, ಪತ್ರವನ್ನು ಚೆಂದಗಾಣಿಸುವ ಉತ್ಸಾಹದಲ್ಲಿ, ಒಂದನ್ನು ಇನ್ನೊಂದಾಗಿ ಮಾಡಿಬಿಡುತ್ತವೆ. ಉದ್ದವಾದ ಸಾಲನ್ನು ತಾವೇ ಮುರಿಯುತ್ತವೆ. ಆಗ ತೇಪೆಗೆ ತನ್ನ ಜಾಗ ಸಿಕ್ಕುವುದಿಲ್ಲ. ಆದುದರಿಂದಲೇ ಬಣ್ಣವಿಲ್ಲದ, ಅಲಂಕಾರವಿಲ್ಲದ, ಸಾದಾ ಅಕ್ಷರಗಳ ಪತ್ರವೇ ಆಗಬೇಕೆಂಬ ಕಟ್ಟಳೆ. ಬೇರೆ ಕಡತವಾಗಿ ಲಗತ್ತಿಸಕೂಡದೆಂಬುದಕ್ಕೂ ಕಾರಣವಿದೆ: ಪತ್ರದ ಒಡಲಿನಲ್ಲಿಯೇ ತೇಪೆಯಿದ್ದರೆ, ಓದುವವನು ಉತ್ತರ ಬರೆಯುವಾಗ ಆಕ್ಷೇಪಣೆಯುಳ್ಳ ಸಾಲನ್ನು ಮಾತ್ರ ಉಳಿಸಿಕೊಂಡು, ಅದರ ಕೆಳಗೇ ತನ್ನ ಮಾತನ್ನು ಬರೆಯಬಹುದು. ಉತ್ತರವನ್ನು ಪ್ರಶ್ನೆಯ ಕೆಳಗೆ ಬರೆಯತಕ್ಕದ್ದು, ಮೇಲೆ ಅಲ್ಲ, ಎಂಬ ಕಟ್ಟಳೆಯೂ ಇದರಿಂದಲೇ ಬಂದುದು. ಎಷ್ಟೋ ಕಚೇರಿಗಳ ಇ-ಮೇಲಿನಲ್ಲಿ ಉತ್ತರ ಮೇಲೆ, ಪ್ರಶ್ನೆ ಕೆಳಗೆ, ಅದಕ್ಕೂ ಹಿಂದಿನ ಪತ್ರ ಇನ್ನೂ ಕೆಳಗೆ. ಪುರಾಣವನ್ನು ಕೊನೆಯ ಪುಟದಿಂದ ಓದಿದಂತೆ.

ಎರಡನೆಯ ಸಲ ಟ್ಯಾಬುಗಳು ಸರಿಯಾಗಿದ್ದುವು. ಆದರೆ ಈ ನಡುವೆ ಅದೇ ಕಡತದಲ್ಲಿ ನನಗೆ ಎರಡು ಕಾಗುಣಿತದ ತಪ್ಪುಗಳೂ ಅಂಕುಡೊಂಕಾದ ಕೆಲವು ಸಾಲುಗಳೂ ಕಂಡಿದ್ದುವು. ಹೇಗೂ ಕಳುಹಿಸುತ್ತೇನಲ್ಲವೆ, ಎಲ್ಲವನ್ನೂ ಒಟ್ಟಿಗೆ ತಿದ್ದಿಬಿಟ್ಟೆ. ಪತ್ರ ಮತ್ತೆ ಹಿಂದಿರುಗಿತು: ಮೂರು ಕೆಲಸಗಳನ್ನು ಮೂರು ಪತ್ರಗಳಾಗಿ ವಿಂಗಡಿಸಿ.

ಭೌತವಿಜ್ಞಾನವನ್ನು ಕಲಿಸುವವನಿಗೆ ಈ ಪಾಠವನ್ನು ಬೇರೆಯವರು ಹೇಳಬೇಕಾಗಿ ಬಂತಲ್ಲ ಎಂದು ಆಗ ನಿಜವಾಗಿಯೂ ನಾಚಿಕೆಯಾಯಿತು. ಲೋಲಕದ ಪ್ರಯೋಗದಲ್ಲಿ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಾಯಿಸಿದರೆ, ಆವರ್ತಕಾಲ ಯಾವುದರಿಂದ ಬದಲಾಯಿತೆಂದು ಯಾರು ಹೇಳಬಲ್ಲರು? ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಪ್ರಯೋಗಶಾಲೆಯಲ್ಲಿ ನಾವು ಹುಡುಗರಿಗೆ ಹೇಳುವ ಮೊದಲನೆಯ ಮಾತು. ತಂತ್ರಾಂಶದಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಲೆಕ್ಕದಲ್ಲಿ ಆಸಕ್ತಿಯುಳ್ಳ ವಾಚಕರು ಇದನ್ನು ಗಮನಿಸಬೇಕು. 2005ರ ಏಪ್ರಿಲಿನಲ್ಲಿ ಟಾರ್ವಾಲ್ಡ್ಸ್ ಅವರು ತಿದ್ದುಪಡಿಗಳ ಚರಿತ್ರೆಯನ್ನು ಕಾಪಾಡಲು ‘ಗಿಟ್’ ಎಂಬ ಸಾಧನವನ್ನು ಬರೆಯಲಾರಂಭಿಸಿದರು. ಹಿಂದಿನ ಆವೃತ್ತಿಯಲ್ಲಿ ಸರಿಯಾಗಿದ್ದ ಯಾವುದೋ ಒಂದು ಸಂಗತಿ ಹೊಸ ಆವೃತ್ತಿಯಲ್ಲಿ ಕೆಟ್ಟಿದೆ ಎನ್ನೋಣ. ನಡುವೆ ಹತ್ತು ಸಾವಿರ ತಿದ್ದುಪಡಿಗಳು, ಅಪರಾಧಿ ಯಾವುದು? ಗಿಟ್ ಸರಿಯಾಗಿ ಮಧ್ಯದ ತಿದ್ದುಪಡಿಯವರೆಗಿನ ರೂಪವನ್ನು ಕೊಡುತ್ತದೆ; ನಾವು ಪರೀಕ್ಷಿಸುತ್ತೇವೆ. ಅದು ಸರಿಯಾಗಿದ್ದರೆ ತಪ್ಪು ಎರಡನೆಯ ಅರ್ಧದಲ್ಲಿದೆ, ಕೆಟ್ಟಿದ್ದರೆ ಮೊದಲನೆಯ ಅರ್ಧದಲ್ಲಿದೆ. ಉಳಿದ ಅರ್ಧವನ್ನು ಮತ್ತೆ ಅರ್ಧಿಸಬೇಕು. ಎರಡರ ಹದಿನಾಲ್ಕನೆಯ ಘಾತ 16,384 ಆದುದರಿಂದ, ಹದಿನಾಲ್ಕು ಪರೀಕ್ಷೆಗಳೊಳಗೆ ಅಪರಾಧಿ ಕೈಗೆ ಸಿಕ್ಕಲೇಬೇಕು. ಹತ್ತು ಸಾವಿರದಿಂದ ಹದಿನಾಲ್ಕಕ್ಕೆ! ಆದರೆ ಸಿಕ್ಕಿದ ತೇಪೆಯಲ್ಲಿ ಮೂವತ್ತು ಕೆಲಸಗಳು ಕಲಸಿಕೊಂಡಿದ್ದರೆ ಈ ಜಾಣತನವೆಲ್ಲ ಅಲ್ಲಿಗೆ ನಿಂತಿತು.

ಮೂರನೆಯ ಸಲದ ಅನುಭವವನ್ನು ಮಾತ್ರ ನಾನು ಎಂದಿಗೂ ಮರೆಯಲಾರೆ. ಟ್ಯಾಬು ಸರಿ, ಕೆಲಸ ಒಂದೇ. ವಿವರಣೆಯಾಗಿ ‘ಅಕ್ಷದ ದೋಷವನ್ನು ತಿದ್ದಿದೆ’ ಎಂದು ಬರೆದಿದ್ದೆ. ಮೇಲ್ವಿಚಾರಕರು ಕೇಳಿದರು: ಬಳಸುವವರಿಗೆ ಏನು ಕಾಣುತ್ತಿತ್ತು? ಅದು ಹಾಗೇಕೆ ಆಗುತ್ತಿತ್ತು? ನಿಮ್ಮ ತಿದ್ದುಪಡಿ ಅದನ್ನು ಹೇಗೆ ಸರಿಪಡಿಸುತ್ತದೆ? ತೇಪೆಯನ್ನು ನೋಡಿದರೆ ತಿಳಿಯುವುದಿಲ್ಲವೆ ಎಂದುಕೊಂಡೇ ಬರೆಯಲು ಕುಳಿತೆ. ‘ಅಕ್ಷವು −7ರಿಂದ ಆರಂಭವಾಗಿ, ಗುರುತುಗಳ ಅಂತರ 2 ಆಗಿದ್ದರೆ, ಯಂತ್ರವು 7ನ್ನು 2ರಿಂದ ಭಾಗಿಸಿ ಪೂರ್ಣಾಂಕವನ್ನು ಮಾತ್ರ ಉಳಿಸಿಕೊಂಡು −3 ಎನ್ನುತ್ತದೆ, ಎಂದರೆ ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ನಮಗೆ ಬೇಕಾದುದು ಅದರ ಎಡಕ್ಕಿರುವ −4. ಆದುದರಿಂದ ಋಣಸಂಖ್ಯೆಯಾದರೆ ಒಂದನ್ನು ಕಳೆದಿದ್ದೇನೆ’ ಎಂದು ಬರೆಯುತ್ತಿದ್ದಂತೆಯೇ ಕೈ ನಿಂತಿತು. ಅಕ್ಷವು −8ರಿಂದ ಆರಂಭವಾದರೆ? ಭಾಗಾಕಾರ ನಿಶ್ಶೇಷವಾಗಿ −4 ಬರುತ್ತದೆ. ಅದರಲ್ಲಿ ನಾನು ಇನ್ನೂ ಒಂದನ್ನು ಕಳೆದು −5 ಮಾಡುತ್ತೇನೆ! ಒಂದು ತಪ್ಪನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿದ್ದೆ. ಮೂರು ವಾರಗಳಿಂದ ಕಣ್ಣೆದುರಿಗೇ ಇದ್ದ ಆ ತಪ್ಪು, ಕಾರಣವನ್ನು ಪೂರ್ಣವಾಕ್ಯಗಳಲ್ಲಿ ಬರೆಯುವವರೆಗೆ ನನಗೆ ಕಂಡಿರಲಿಲ್ಲ. ಶೇಷವಿದ್ದಾಗ ಮಾತ್ರ ಒಂದನ್ನು ಕಳೆಯುವಂತೆ ತಿದ್ದಿ, ನಾಲ್ಕನೆಯ ಆವೃತ್ತಿಯನ್ನು ಕಳುಹಿಸಿದೆ. ಅದು ಅಂಗೀಕೃತವಾಯಿತು.

ಏನು ಮಾಡಿದೆನೆಂಬುದನ್ನು ತೇಪೆಯೇ ಹೇಳುತ್ತದೆ. ಏಕೆ ಮಾಡಿದೆನೆಂಬುದನ್ನು ಮನುಷ್ಯನೇ ಹೇಳಬೇಕು. ನಮ್ಮ ಕಾಲೇಜಿನ ಪ್ರಯೋಗಶಾಲೆಯ ದಾಖಲೆ ಪುಸ್ತಕಗಳನ್ನು ತೆರೆದು ನೋಡಿ. ಉದ್ದೇಶ, ಉಪಕರಣಗಳು, ಸೂತ್ರ, ಕ್ರಮ, ಫಲಿತಾಂಶ ಎಲ್ಲವೂ ಇರುತ್ತದೆ, ಹಿಂದಿನ ವರ್ಷದ ಪುಸ್ತಕದಿಂದ ಮುತ್ತಿನಂತಹ ಅಕ್ಷರಗಳಲ್ಲಿ ಇಳಿಸಿಕೊಂಡದ್ದು. ‘ಏಕೆ’ ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇಲ್ಲ. ಆ ಪುಸ್ತಕಗಳಿಗೆ ಅಂಕಗಳನ್ನು ಕೊಡುವವರಲ್ಲಿ ನಾನೂ ಒಬ್ಬನಾದುದರಿಂದ ಈ ದೂರಿನಲ್ಲಿ ನನ್ನದೂ ಪಾಲಿದೆ.

ಉಳಿದ ಕಟ್ಟಳೆಗಳನ್ನು ಬೇಗ ಹೇಳಿ ಮುಗಿಸಬಹುದು. ಪತ್ರದ ವಿಷಯದ ಸಾಲಿನಲ್ಲಿ ಇದು ತೇಪೆಯೆಂದೂ, ಎಷ್ಟನೆಯ ಆವೃತ್ತಿಯೆಂದೂ, ಸರಣಿಯಲ್ಲಿ ಐದಕ್ಕೆ ಎರಡನೆಯದೋ ಮೂರನೆಯದೋ ಎಂದೂ ಸೂಚಿಸಿರಬೇಕು. ಹಿಂದಿನ ಆವೃತ್ತಿಗೂ ಇದಕ್ಕೂ ಏನು ವ್ಯತ್ಯಾಸವೆಂಬುದನ್ನು ಮೂರು ಸಣ್ಣ ಗೆರೆಗಳ ಕೆಳಗೆ ಬರೆಯಬೇಕು. ಆ ಗೆರೆಗಳ ಕೆಳಗಿನ ಮಾತು ಓದುವವನಿಗೆ ಮಾತ್ರ, ಅದು ಶಾಶ್ವತ ಚರಿತ್ರೆಯಲ್ಲಿ ಸೇರುವುದಿಲ್ಲ. ಬಹಳ ಚೆಲುವಾದ ಏರ್ಪಾಡು ಇದು. ಉತ್ತರ ಬರದಿದ್ದರೆ ಕನಿಷ್ಠ ಒಂದು ವಾರವಾದರೂ ಕಾಯದೆ ಜ್ಞಾಪಿಸಕೂಡದು. ಪತ್ರದ ಕೊನೆಗೆ ಕಳುಹಿಸಿದವನ ಹೆಸರಿನ ‘ಸೈನ್ಡ್-ಆಫ್-ಬೈ’ ಎಂಬ ಸಾಲಿರುತ್ತದೆ. 2003ರಲ್ಲಿ ಲಿನಕ್ಸಿನ ಕೆಲವು ಭಾಗಗಳ ಒಡೆತನದ ಬಗೆಗೆ ಅಮೆರಿಕದಲ್ಲಿ ವ್ಯಾಜ್ಯವೆದ್ದ ಮೇಲೆ, 2004ರಲ್ಲಿ ಇದು ಬಂತು. ‘ಇದನ್ನು ಕೊಡುವ ಹಕ್ಕು ನನಗುಂಟು’ ಎಂಬ ರುಜು ಇದು. ತಪ್ಪನ್ನು ಮೊದಲು ಕಂಡವರು, ಪರೀಕ್ಷಿಸಿದವರು, ಪರಿಶೀಲಿಸಿದವರು, ಇವರ ಹೆಸರುಗಳೂ ಒಂದೊಂದು ಸಾಲಾಗಿ ಅಲ್ಲಿಯೇ ಇರುತ್ತವೆ. ಕೃತಕ ಬುದ್ಧಿಯ ಯಂತ್ರಗಳಿಂದ ತೇಪೆಯನ್ನು ಬರೆಸಿಕೊಳ್ಳುವುದು ಸುಲಭವಾಗಿರುವ ಈ ದಿನಗಳಲ್ಲಿ ಈ ರುಜುವಿಗೆ ಇನ್ನಷ್ಟು ತೂಕ ಬಂದಿದೆ. ಪ್ರಶ್ನೆ ಬಂದಾಗ ಉತ್ತರ ಹೇಳಬೇಕಾದವನು ರುಜು ಹಾಕಿದವನು, ಯಂತ್ರವಲ್ಲ.

ಇಂಗ್ಲಿಷಿನ ಭಯದಿಂದ ಹಿಂಜರಿಯುವ ವಿದ್ಯಾರ್ಥಿಗಳಿಗೆ ಒಂದು ಮಾತು. ‘ಮಾನ್ಯರೆ, ತಮ್ಮಲ್ಲಿ ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ’ ಎಂಬ ರಜಾ ಚೀಟಿಯ ಧಾಟಿಯನ್ನು ಇಂಗ್ಲಿಷಿಗೆ ಇಳಿಸಿ ಬರೆಯುವ ಅಗತ್ಯ ಇಲ್ಲಿ ಸ್ವಲ್ಪವೂ ಇಲ್ಲ. ಏನಾಗುತ್ತಿತ್ತು, ಏಕೆ, ಈಗ ಏನಾಗುತ್ತದೆ? ನಾಲ್ಕು ಸರಳ ವಾಕ್ಯಗಳು ಸಾಕು. ಅಪರಿಚಿತನಿಗೆ ತೋರಿಸಬೇಕಾದ ಗೌರವವೆಲ್ಲ ಆ ನಾಲ್ಕು ವಾಕ್ಯಗಳ ಸ್ಪಷ್ಟತೆಯಲ್ಲಿಯೇ ಅಡಗಿದೆ.

ಇಷ್ಟನ್ನೂ ಕಲಿಯದ ಪರಿಣಾಮವೇನು? ಇ-ಮೇಲಿಗೆ ಬದಲಾಗಿ ಜಾಲತಾಣದ ಮೂಲಕ, ಒಂದು ಗುಂಡಿಯನ್ನು ಒತ್ತಿ ತಿದ್ದುಪಡಿಯನ್ನು ಸಲ್ಲಿಸುವ ಪದ್ಧತಿಯೊಂದು ಈಚೆಗೆ ಬಹಳ ಪ್ರಚಾರದಲ್ಲಿದೆ. ಅಲ್ಲಿ ತೊಡಕು ಕಡಮೆ, ಆದುದರಿಂದ ಜನ ಹೆಚ್ಚು. 2020ರ ಅಕ್ಟೋಬರಿನಲ್ಲಿ, ನಾಲ್ಕು ತಿದ್ದುಪಡಿಗಳನ್ನು ಸಲ್ಲಿಸಿದವರಿಗೆ ಒಂದು ಅಂಗಿಯನ್ನು ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಉತ್ಸವದ ಕಾಲದಲ್ಲಿ, ಇದ್ದ ವಾಕ್ಯಕ್ಕೆ ಒಂದು ವಿಶೇಷಣವನ್ನು ಸೇರಿಸಿ ಕಳುಹಿಸಿದಂತಹ ನಿರರ್ಥಕ ತಿದ್ದುಪಡಿಗಳ ಮಳೆಯೇ ಸುರಿಯಿತು. ಏರ್ಪಡಿಸಿದವರು ನಡುವಿನಲ್ಲಿಯೇ ನಿಯಮವನ್ನು ಬದಲಾಯಿಸಬೇಕಾಯಿತು. 2024ರ ಆರಂಭದಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಪ್ರಸಿದ್ಧ ತಂತ್ರಾಂಶದ ಪರಿಚಯಪತ್ರದಲ್ಲಿ ತಮ್ಮ ತಮ್ಮ ಹೆಸರನ್ನು ಬರೆದು ‘ತಿದ್ದುಪಡಿ’ಯೆಂದು ಸಲ್ಲಿಸಿದವರ ಸಾಲೇ ನಿಂತಿತು. ವೀಡಿಯೊ ಪಾಠವೊಂದನ್ನು ನೋಡಿ ಅಭ್ಯಾಸಮಾಡಲು ಹೊರಟ ನಮ್ಮ ದೇಶದ ವಿದ್ಯಾರ್ಥಿಗಳು ಅವರಲ್ಲಿ ಬಹಳ ಮಂದಿ. ಅವರು ದುಷ್ಟರಲ್ಲ. ಗುಂಡಿಯ ಆಚೆಗೆ ಒಬ್ಬ ಮನುಷ್ಯ ಕುಳಿತು ಇದನ್ನೆಲ್ಲ ಓದಬೇಕಾಗಿದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ಆ ಮನುಷ್ಯ ಮುಂದೆ ನಮ್ಮ ಹೆಸರುಗಳನ್ನು ಕಂಡೊಡನೆ ಏನೆಂದುಕೊಳ್ಳುವನು? ನಿಜವಾಗಿಯೂ ಒಳ್ಳೆಯ ತೇಪೆಯನ್ನು ಬರೆದ ಹಾಸನದ ಹುಡುಗಿಯೋ ಗದಗಿನ ಹುಡುಗನೋ ಆ ಸಂಶಯದ ಬೆಲೆಯನ್ನು ತೆರಬೇಕಾಗುತ್ತದೆ.

ಕಟ್ಟಳೆಗಳು ಕಳುಹಿಸುವವನಿಗೆ ಮಾತ್ರವೆಂದು ನಾನು ಹೇಳಿದಂತಾದರೆ ಅದು ಅನ್ಯಾಯ. ಲಿನಕ್ಸಿನ ಪತ್ರವ್ಯವಹಾರದಲ್ಲಿ ಬಹುಕಾಲ ಒರಟುತನವೂ ಹೆಚ್ಚಾಗಿತ್ತು, ಅದರಲ್ಲಿ ಸ್ವತಃ ಟಾರ್ವಾಲ್ಡ್ಸ್ ಅವರ ಮಾತುಗಳು ಕುಪ್ರಸಿದ್ಧವಾಗಿದ್ದುವು. ತೇಪೆಯನ್ನು ಬಿಟ್ಟು ತೇಪೆಯನ್ನು ಬರೆದವನನ್ನೇ ಹಳಿಯುವುದನ್ನು ‘ನೇರನುಡಿ’ಯೆಂದು ಸಮರ್ಥಿಸುವವರಿದ್ದರು, ಈಗಲೂ ಇದ್ದಾರೆ. 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದರು. ಅದೇ ಸಮಯದಲ್ಲಿ ನಡವಳಿಕೆಯ ನಿಯಮಾವಳಿಯೊಂದೂ ಅಂಗೀಕೃತವಾಯಿತು. ನನ್ನ ತೇಪೆಯನ್ನು ಮೂರು ಸಲ ಹಿಂದಿರುಗಿಸಿದವರು ಒಮ್ಮೆಯೂ ನನ್ನ ಬುದ್ಧಿಯ ಬಗೆಗೆ ಮಾತನಾಡಲಿಲ್ಲವೆಂಬುದನ್ನು ಇಲ್ಲಿ ನೆನೆಯುತ್ತೇನೆ. ಮಾತನಾಡಿದ್ದರೆ ನಾಲ್ಕನೆಯ ಆವೃತ್ತಿ ಹುಟ್ಟುತ್ತಲೇ ಇರಲಿಲ್ಲ.

ಇ-ಮೇಲೇ ಪವಿತ್ರವೆಂದೂ ನನ್ನ ವಾದವಲ್ಲ. ಲಿನಕ್ಸ್, ಗಿಟ್, ಪೋಸ್ಟ್‌ಗ್ರೆಸ್ ಮೊದಲಾದವು ಅದನ್ನು ಉಳಿಸಿಕೊಂಡಿವೆ. ಅಸಂಖ್ಯಾತ ಇತರರು ಜಾಲತಾಣಗಳಿಗೆ ಹೋಗಿದ್ದಾರೆ. ಹೊಸಬನಿಗೆ ಅದು ಸುಲಭವೆಂಬುದು ನಿಜ. ಆದರೆ ಮರ್ಯಾದೆಯ ಮೇಲೆ ನಿಂತ ಈ ವ್ಯವಸ್ಥೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ 2024ರ ಒಂದು ಪ್ರಸಂಗ ಸಾಕ್ಷಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

‘ಎಕ್ಸ್‌ಝಡ್’ ಎಂಬುದು ಕಡತಗಳನ್ನು ಕುಗ್ಗಿಸಿ ಚಿಕ್ಕದು ಮಾಡುವ ತಂತ್ರಾಂಶ. ಲಿನಕ್ಸ್ ಇರುವ ಕಡೆಯೆಲ್ಲ ಸಾಮಾನ್ಯವಾಗಿ ಇದೂ ಇರುತ್ತದೆ. ಇದನ್ನು ಬಹುಮಟ್ಟಿಗೆ ಒಬ್ಬರೇ, ವೇತನವಿಲ್ಲದೆ, ನೋಡಿಕೊಳ್ಳುತ್ತಿದ್ದರು. 2022ರಲ್ಲಿ, ಹಿಂದೆಂದೂ ಕಾಣಿಸಿಕೊಳ್ಳದಿದ್ದ ಕೆಲವು ಹೆಸರುಗಳಿಂದ ಅವರಿಗೆ ಒತ್ತಾಯದ ಪತ್ರಗಳು ಬರತೊಡಗಿದುವು: ತೇಪೆಗಳು ಏಕೆ ಬಿದ್ದುಕೊಂಡಿವೆ? ನಿಮಗೆ ಆಸಕ್ತಿಯಿಲ್ಲದಿದ್ದರೆ ಬೇರೆಯವರಿಗೆ ಬಿಟ್ಟುಕೊಡಬಾರದೇಕೆ? ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದು ಅವರು ಸೌಮ್ಯವಾಗಿ ಉತ್ತರಿಸಿದರು. ಜಿಯಾ ಟ್ಯಾನ್ ಎಂಬ ಹೆಸರನ್ನಿಟ್ಟುಕೊಂಡ ಒಬ್ಬ ‘ಸಹಾಯಕ’ ಆಗಲೇ ಒಳ್ಳೆಯ ತೇಪೆಗಳನ್ನು ಕಳುಹಿಸಿ ವಿಶ್ವಾಸವನ್ನು ಗಳಿಸುತ್ತಿದ್ದ. ಕ್ರಮೇಣ ಅಧಿಕಾರ ಅವನ ಕೈಗೂ ಬಂತು. 2024ರ ಫೆಬ್ರವರಿ ಮತ್ತು ಮಾರ್ಚಿನಲ್ಲಿ ಹೊರಬಂದ ಎರಡು ಆವೃತ್ತಿಗಳಲ್ಲಿ, ದೂರದ ಕಂಪ್ಯೂಟರುಗಳೊಳಕ್ಕೆ ನುಗ್ಗಲು ಒಂದು ಕಳ್ಳಬಾಗಿಲು ಸೇರಿತ್ತು. ಅದನ್ನು ಎಲ್ಲಿ ಅಡಗಿಸಿದ್ದ ಬಲ್ಲಿರಾ? ಮನುಷ್ಯರು ಓದುವ ಸಾದಾ ಅಕ್ಷರಗಳ ತೇಪೆಯಲ್ಲಿ ಅಲ್ಲ. ಪರೀಕ್ಷೆಗೆಂದು ಇಟ್ಟಿದ್ದ, ಯಂತ್ರ ಮಾತ್ರ ಓದಬಲ್ಲ ಕಡತಗಳೊಳಗೆ. ಅವುಗಳನ್ನು ಎಚ್ಚರಗೊಳಿಸುವ ಕೆಲವು ಸಾಲುಗಳು ಬಹಿರಂಗ ಮೂಲಪ್ರತಿಯಲ್ಲಿಲ್ಲದೆ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದುವು. ಓದಬಾರದ ರೂಪದಲ್ಲಿ ಏನನ್ನೂ ಕಳುಹಿಸಬೇಡಿರೆಂದು ಹಳಬರು ಹಟ ಹಿಡಿಯುವುದು ಮಡಿವಂತಿಕೆಯೇ?

ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ, ಪೋಸ್ಟ್‌ಗ್ರೆಸಿನ ಕೆಲಸಗಾರರಲ್ಲೊಬ್ಬರು. ತಮ್ಮ ಪರೀಕ್ಷೆಗಳನ್ನು ನಡೆಸುತ್ತಿದ್ದಾಗ, ಒಂದು ಕಂಪ್ಯೂಟರಿನೊಳಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು! ನಮ್ಮಲ್ಲಿ ಎಷ್ಟು ಮಂದಿ ಅದನ್ನು ಲೆಕ್ಕಿಸುತ್ತಿದ್ದೆವು? ಏಕೆಂದು ಅವರು ಬೆನ್ನಟ್ಟಿದರು. 2024ರ ಮಾರ್ಚ್ 29ರಂದು ಒಂದು ಇ-ಮೇಲಿನಲ್ಲಿ, ಕಂಡದ್ದೇನು, ಅಳೆದದ್ದೆಷ್ಟು, ತಾವು ತರ್ಕಿಸಿದ್ದು ಏನು ಎಂಬುದನ್ನು ಬೇರೆ ಬೇರೆಯಾಗಿ ಬರೆದು ಲೋಕಕ್ಕೆ ತಿಳಿಸಿದರು. ಆ ಪತ್ರ ಬಹಿರಂಗವಾಗಿದೆ. ಯಾವ ವಿಜ್ಞಾನದ ವಿದ್ಯಾರ್ಥಿಯೂ ಓದಬಹುದು. ವೀಕ್ಷಣೆಯನ್ನು ದಾಖಲಿಸುವುದು ಹೇಗೆಂದು ತೋರಿಸಲು ನನ್ನ ತರಗತಿಯಲ್ಲಿ ನಾನು ಈಗ ಅದನ್ನೇ ಓದಿಸುತ್ತೇನೆ.

ತರಗತಿಯಲ್ಲಿ ಇನ್ನೊಂದು ಸಣ್ಣ ಏರ್ಪಾಡನ್ನೂ ಮಾಡಿದ್ದೇನೆ. ಇತರ ಅಧ್ಯಾಪಕರೂ ಇದನ್ನು ಮಾಡಿ ನೋಡಬೇಕೆಂಬುದು ನನ್ನ ಸಲಹೆ. ಇದಕ್ಕೆ ಹಣ ಬೇಡ, ಪಠ್ಯಕ್ರಮದ ತಿದ್ದುಪಡಿಯೂ ಬೇಡ. ಲೋಲಕದ ಪ್ರಯೋಗದ ಅಂಕಿಗಳಿಂದ ಗುರುತ್ವವನ್ನು ಲೆಕ್ಕಮಾಡುವ ಒಂದು ಪುಟದ ಪ್ರೋಗ್ರಾಮನ್ನು ಎಲ್ಲರಿಗೂ ಕೊಡುತ್ತೇನೆ. ಅದನ್ನು ಉತ್ತಮಪಡಿಸುವ ತೇಪೆಯನ್ನು ಒಬ್ಬರು ಬರೆದು ಇನ್ನೊಬ್ಬರಿಗೆ ಇ-ಮೇಲಿನಲ್ಲಿ ಕಳುಹಿಸಬೇಕು. ಒಂದೇ ಬದಲಾವಣೆ, ಕಾರಣಸಹಿತ. ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಓದಿದವರು ಒಪ್ಪದೆ ಅದು ಸೇರುವುದಿಲ್ಲ.

ಮೊದಲ ವಾರ ಒಬ್ಬ ವಿದ್ಯಾರ್ಥಿ, 10 ಆಂದೋಲನಗಳ ಕಾಲವನ್ನು ತೆಗೆದುಕೊಳ್ಳುತ್ತಿದ್ದ ಸಾಲನ್ನು 20ಕ್ಕೆ ತಿದ್ದಿ ಕಳುಹಿಸಿದ. ವಿವರಣೆ: ‘20 ಮಾಡಿದೆ’. ಓದಬೇಕಾಗಿದ್ದವಳು ಆ ಸಾಲನ್ನು ಉಳಿಸಿಕೊಂಡು, ಅದರ ಕೆಳಗೆ ಒಂದೇ ಪದವನ್ನು ಬರೆದು ಹಿಂದಿರುಗಿಸಿದಳು: ‘ಏಕೆ?’ ಪ್ರಯೋಗದ ಕೈಪಿಡಿಯಲ್ಲಿ ಹಾಗೆಂದು ಇದೆ ಎಂದ ಅವನು. ಕೈಪಿಡಿಯಲ್ಲಿ ಏಕೆ ಹಾಗಿದೆ ಎಂದಳು ಅವಳು. ಎರಡು ದಿನಗಳ ಮೇಲೆ ಎರಡನೆಯ ಆವೃತ್ತಿ ಬಂತು. ಗಡಿಯಾರವನ್ನು ಒತ್ತುವುದರಲ್ಲಿ ಕೈಯ ತಪ್ಪು ಸುಮಾರು 0.2 ಸೆಕೆಂಡು, 10 ಆಂದೋಲನಗಳಿಗೆ ಹಂಚಿದರೆ ಒಂದು ಆವರ್ತಕಾಲಕ್ಕೆ 0.02, 20ಕ್ಕೆ ಹಂಚಿದರೆ 0.01 ಎಂದು ಲೆಕ್ಕಹಾಕಿ ಬರೆದಿದ್ದ. ಮೂರು ಸಣ್ಣ ಗೆರೆಗಳ ಕೆಳಗೆ ‘ಮೊದಲನೆಯ ಆವೃತ್ತಿಯಿಂದ ವ್ಯತ್ಯಾಸ: ಕಾರಣವನ್ನು ಸೇರಿಸಿದೆ’ ಎಂದಿತ್ತು. ಪರಿಶೀಲಿಸಿದವರು ಎಂಬಲ್ಲಿ ಅವಳ ಹೆಸರನ್ನು ತಾನೇ ಬರೆದುಬಿಟ್ಟಿದ್ದ. ತಾನು ಇನ್ನೂ ಒಪ್ಪಿಲ್ಲವೆಂದು ಅವಳು ಅದನ್ನು ತೆಗೆಸಿ, ಮೂರನೆಯ ಆವೃತ್ತಿಯನ್ನು ತರಿಸಿಕೊಂಡಳು.